ಮಾತು ಬರುತ್ತದೆ, ಕಾಂಜಿ ಬರುವುದಿಲ್ಲ

ಮನೆಯಲ್ಲಿ ಜಪಾನಿ ಮಾತಾಡುತ್ತ ಬೆಳೆದ ಅಮೆರಿಕದ ವಿದ್ಯಾರ್ಥಿಗಳನ್ನು ಕಾಲೇಜಿನ ಯಾವ ತರಗತಿಯಲ್ಲಿ ಕೂರಿಸಬೇಕು? ಕಾಂಜಿ, ಅಂದರೆ ಜಪಾನಿ ಬರಹದಲ್ಲಿ ಬಳಸುವ ಚೀನಾ ಮೂಲದ ಪದಚಿಹ್ನೆಗಳು, ಬಾರದ ಕಾರಣ ಬರಹದ ಪರೀಕ್ಷೆಯನ್ನಷ್ಟೇ ಕೊಟ್ಟರೆ ಮೊದಲ ವರ್ಷಕ್ಕೆ ಬೀಳುತ್ತಾರೆ, ಐದು ನಿಮಿಷ ಮಾತಾಡಿಸಿದರೆ ಮೂರನೇ ವರ್ಷಕ್ಕೆ ಏರುತ್ತಾರೆ. ಎರಡು ಕಡೆಯೂ ಅವರು ಹೊಂದುವುದಿಲ್ಲ.

ಜಪಾನಿ ಮೂಲದವರೆಲ್ಲ ಒಂದೇ ಗುಂಪೂ ಅಲ್ಲ. 1941ರಲ್ಲಿ ಅಮೆರಿಕದ ಸೇನೆ ಸುಮಾರು 3,700 ನಿಸೇ, ಅಂದರೆ ಎರಡನೇ ತಲೆಮಾರಿನ ಸೈನಿಕರನ್ನು ಪರೀಕ್ಷಿಸಿದಾಗ ಭಾಷೆಯಲ್ಲಿ ಪಳಗಿದವರು ಶೇ 3ರಷ್ಟು ಮಾತ್ರ. ಮರುವರ್ಷ, ಯುದ್ಧದ ನಡುವೆ, ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕುವುದು ಶುರುವಾಯಿತು, ಭಾಷಾ ಶಾಲೆಗಳು ಮುಚ್ಚಿದವು. ಆ ಕುಟುಂಬಗಳ ಮರಿಮಕ್ಕಳಲ್ಲಿ ಬಹುಪಾಲು ಜನ ಹೊಸದಾಗಿ ಕಲಿಯುವವರೇ. ಇಲ್ಲಿ ಹೇಳುತ್ತಿರುವುದು ಯುದ್ಧಾನಂತರ ವಲಸೆ ಬಂದವರ ಮಕ್ಕಳಾದ ಶಿನ್-ನಿಸೇಗಳ ಬಗ್ಗೆ.

ಇವರದು ಕಿವಿಯಿಂದ ಬಂದ ಭಾಷೆ. ಉಚ್ಚಾರ ಸೊಗಸು, ಆದರೆ ವಾ ಎಂದು ಕೇಳಿಸುವ ಪ್ರತ್ಯಯವನ್ನು ಉಚ್ಚಾರ ಸೂಚಿಸುವ ಹಿರಾಗಾನಾ ಲಿಪಿಯಲ್ಲಿ 'ಹ' ಅಕ್ಷರದಿಂದ ಬರೆಯಬೇಕೆಂಬುದು ತಪ್ಪಿಹೋಗುತ್ತದೆ, ದೀರ್ಘ ಸ್ವರಗಳು ಉದುರುತ್ತವೆ. ಅಮ್ಮನೊಡನೆ ಆಡುವ 'ತಬೇರು' (ತಿನ್ನು) ಸಲೀಸು, ಪ್ರೊಫೆಸರರ ಮುಂದೆ ಬೇಕಾದ ಅದರ ಗೌರವರೂಪ 'ಮೆಶಿಆಗಾರು' ಬಾಯಿಗೆ ಬರುವುದಿಲ್ಲ. ಕಾಂಜಿಯದು ದೊಡ್ಡ ಕಂದಕ. ಜಪಾನಿನ ಪಠ್ಯಕ್ರಮ ಕಲಿಸುವ ಹೋಶೂಕೋ ಎಂಬ ಶನಿವಾರದ ಶಾಲೆಯನ್ನು ಮೂರನೇ ತರಗತಿ ಮುಗಿಸಿ ಬಿಟ್ಟವರು ಪಠ್ಯಕ್ರಮದ ಲೆಕ್ಕದಲ್ಲಿ ನೋಡಿರುವುದು 440 ಕಾಂಜಿ (ಮೂರು ತರಗತಿಗಳಲ್ಲಿ ಕ್ರಮವಾಗಿ 80, 160, 200). ದಿನಬಳಕೆಯ ಅಧಿಕೃತ ಪಟ್ಟಿಯಲ್ಲಿರುವುದು 2,136. ನಾಲ್ಕನೇ ತರಗತಿಯಿಂದಾಚೆಗೆ ಮನೆಯಲ್ಲಿ ಕೇಳದ ಪದಗಳೇ ಹೆಚ್ಚುತ್ತವೆ. ಅಕ್ಷರ ಓದಿಕೊಟ್ಟರೂ ಅರ್ಥವಾಗದ ಹಂತ ಅದು.

ಆದ್ದರಿಂದ ಒಂದೇ ಕಷ್ಟದ ಎರಡು ಪ್ಯಾರಾಗಳನ್ನು ಓದಿಸಿ, ಒಂದಕ್ಕೆ ಫುರಿಗಾನಾ, ಅಂದರೆ ಕಾಂಜಿಯ ಪಕ್ಕ ಅದರ ಉಚ್ಚಾರ ತೋರಿಸುವ ಪುಟ್ಟ ಅಕ್ಷರಗಳು, ಇರಲಿ, ಇನ್ನೊಂದಕ್ಕೆ ಬೇಡ. ಫುರಿಗಾನಾ ಇದ್ದಾಗ ಮಾತ್ರ ಅರ್ಥವಾದರೆ ಕೊರತೆ ಕಾಂಜಿಯದು. ಆಗಲೂ ಆಗದಿದ್ದರೆ ಪದಸಂಪತ್ತಿನದು. ಮೊದಲನೆಯವರಿಗೆ ಪಠ್ಯದ ಕ್ರಮ ಬಿಟ್ಟು, ಅವರು ಈಗಾಗಲೇ ಆಡುವ ಪದಗಳ ಕಾಂಜಿಯನ್ನೇ ಮೊದಲು ಕೊಡಿ. ಎರಡನೆಯವರಿಗೆ ಅಕ್ಷರ ತಿದ್ದಿಸುವುದರಿಂದ ಅಷ್ಟೇನೂ ಆಗದು. ಫುರಿಗಾನಾ ಸಹಿತ ಸುದ್ದಿ, ಪ್ರಬಂಧಗಳನ್ನು ಹೇರಳವಾಗಿ ಓದಿಸಬೇಕು.

ಮಾತಿನ ಪರೀಕ್ಷೆಯಲ್ಲಿ ಮನೆಯ ವಿಷಯ ಬೇಡ. ಗಡುವು ಮುಂದೂಡುವಂತೆ ಅಧ್ಯಾಪಕರನ್ನು ಕೇಳಿಕೊಳ್ಳಲು ಹೇಳಿ, ಅದನ್ನೇ ಇ-ಮೇಲ್ ಆಗಿಯೂ ಬರೆಸಿ. ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಪ್ರಮಾಣಪತ್ರ ತಂದವರಿಗೂ ವಿನಾಯಿತಿ ಕೊಡಬೇಡಿ. ಅತ್ಯುನ್ನತವಾದ ಎನ್1 ಹಂತದಲ್ಲೂ ಆ ಪರೀಕ್ಷೆಗೆ ಮಾತು, ಪ್ರಬಂಧ ಇಲ್ಲ, ಬರೀ ಆಯ್ಕೆಯ ಪ್ರಶ್ನೆಗಳು.