ತವುಡಿನ ನಾರಿನ ಪುಡಿಯಿಂದ ರೋಗನಿರೋಧಕ ಶಕ್ತಿ ಹೆಚ್ಚುತ್ತದೆಯೇ?

ಪ್ರಶ್ನೆ: ಗಲ್ಫಿನಲ್ಲಿರುವ ಮಗ ರಜೆಯಲ್ಲಿ ಬಂದಾಗ ಅಕ್ಕಿ ತವುಡಿನ ನಾರಿನಿಂದ ತಯಾರಿಸಿದ ಪುಡಿಯನ್ನು ತಂದುಕೊಟ್ಟಿದ್ದಾನೆ. ಕರುಳಿಗೆ ಒಳ್ಳೆಯದು, ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂದು ಅದರ ಮೇಲಿದೆ. ನನಗೆ 64 ವರ್ಷ. ಸಕ್ಕರೆ ಕಾಯಿಲೆಗೂ ಥೈರಾಯ್ಡಿಗೂ ಮಾತ್ರೆ ತೆಗೆದುಕೊಳ್ಳುತ್ತೇನೆ, ಮಲಬದ್ಧತೆಯೂ ಇದೆ. ದಿನವೂ ಸೇವಿಸಬಹುದೇ? (ಬದಿಯಡ್ಕ ಸಮೀಪದ ಓದುಗರು)

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಕರುಳಿನ ಮಾತು ಒಂದು, ರೋಗನಿರೋಧಕ ಶಕ್ತಿಯ ಮಾತು ಇನ್ನೊಂದು. ಪೊಟ್ಟಣದ ಮೇಲೆ ಅವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುತ್ತಾರೆ. ಆದರೆ ಮೊದಲನೆಯದಕ್ಕಿರುವಷ್ಟು ಗಟ್ಟಿಯಾದ ಆಧಾರ ಎರಡನೆಯದಕ್ಕಿಲ್ಲ.

ಧಾನ್ಯದ ಹೊರಪದರದಲ್ಲಿರುವ ನಾರು ನಮ್ಮ ಜಠರದಲ್ಲಿಯೂ ಸಣ್ಣಕರುಳಿನಲ್ಲಿಯೂ ಜೀರ್ಣವಾಗುವುದಿಲ್ಲ. ಅದರ ಒಂದು ಪಾಲು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೃದುವಾಗಿಸಿದರೆ, ಇನ್ನೊಂದು ಪಾಲನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನಾಗಿ ಮಾಡುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ದೊಡ್ಡಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರ. ರೋಗನಿರೋಧಕ ಕೋಶಗಳ ದೊಡ್ಡ ಪಾಲು ಕರುಳಿನ ಸುತ್ತಲೇ ಇರುವುದರಿಂದ, ಆ ಗೋಡೆ ಚೆನ್ನಾಗಿದ್ದರೆ ಅವುಗಳಿಗೂ ಅನುಕೂಲ ಎಂಬ ತರ್ಕ ಇಲ್ಲಿಂದ ಹುಟ್ಟಿದೆ. 2013ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಅತಿಯಾದ ಉರಿಯೂತವನ್ನು ಹತೋಟಿಯಲ್ಲಿಡುವ ಒಂದು ಬಗೆಯ ಟಿ ಕೋಶಗಳು (ಇವೂ ರೋಗನಿರೋಧಕ ಕೋಶಗಳೇ) ಬ್ಯುಟಿರೇಟಿನಿಂದ ಹೆಚ್ಚುವುದು ಕಂಡುಬಂತು. ಇದು ಮಹತ್ವದ ತಿಳಿವು. ಆದರೂ ಇಲಿಯ ಕರುಳಿನಲ್ಲಿ ಕಂಡದ್ದು ಬದಿಯಡ್ಕದ ಮಳೆಗಾಲದ ನೆಗಡಿಯನ್ನು ತಡೆಯುತ್ತದೆ ಎನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ.

ತವುಡಿನ ಪುಡಿಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಅರಾಬಿನೋಕ್ಸೈಲಾನ್ ಎಂಬ ನಾರು. ಅಕ್ಕಿ ತವುಡಿನಿಂದ ಬಂದ ಈ ನಾರನ್ನು ಶಿಟಾಕೆ ಅಣಬೆಯ ಕಿಣ್ವಗಳಿಂದ ಒಡೆದು ಸಿದ್ಧಪಡಿಸುವ ಕ್ರಮ ಜಪಾನಿನಿಂದ ಬಂದಿದ್ದು, 1990ರ ದಶಕದಿಂದ ಅದರ ಮೇಲೆ ಅಧ್ಯಯನಗಳು ನಡೆದಿವೆ. ಅವುಗಳಲ್ಲಿ ಹೆಚ್ಚಿನವು ಕೆಲವೇ ಜನರ ಮೇಲೆ ನಡೆದವು, ಮತ್ತು ಅನೇಕವು ಅಳೆದದ್ದು ರಕ್ತದಲ್ಲಿನ ಕೆಲವು ರಕ್ಷಕ ಕೋಶಗಳ ಚಟುವಟಿಕೆಯನ್ನು. ಆ ಅಂಕಿ ಏರಿತೆಂದ ಮಾತ್ರಕ್ಕೆ ಮನುಷ್ಯ ಕಾಯಿಲೆ ಬೀಳುವುದು ಕಡಿಮೆಯಾಯಿತೆಂದು ಹೇಳಲಾಗದು. ಯುರೋಪಿನ ಒಕ್ಕೂಟ 2012ರಲ್ಲಿ ಪ್ರಕಟಿಸಿದ ಅನುಮತಿಯ ಪಟ್ಟಿಯಲ್ಲಿ, ದಿನಕ್ಕೆ 10 ಗ್ರಾಂ ಗೋಧಿ ತವುಡಿನ ನಾರು ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ ಎಂಬ ಹೇಳಿಕೆಗೆ ಜಾಗ ಸಿಕ್ಕಿದೆ. ಧಾನ್ಯದ ನಾರು ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಸಿಕ್ಕಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೂ ಇಂಥ ಪುಡಿಗಳನ್ನು ಮಾರುವುದುಂಟು. ಚಿಕಿತ್ಸೆ ನೀಡುವ ವೈದ್ಯರಿಗೆ ತಿಳಿಸದೆ ಅದನ್ನು ಖಂಡಿತ ಕೊಡಬಾರದು.

ಇನ್ನು ಪ್ರಮಾಣವನ್ನು ನೋಡಿ. ಅರಾಬಿನೋಕ್ಸೈಲಾನಿನ ಈ ತಯಾರಿಕೆಗಳನ್ನು ಸಾಮಾನ್ಯವಾಗಿ ದಿನಕ್ಕೆ 1ರಿಂದ 3 ಗ್ರಾಂ ಸೇವಿಸಲು ಹೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಲಹೆಯಂತೆ 2000 ಕಿಲೋಕ್ಯಾಲರಿಯ ಆಹಾರದಲ್ಲಿ ಇರಬೇಕಾದ ನಾರು ಸುಮಾರು 30 ಗ್ರಾಂ. ಈ ಅಂತರವನ್ನು ತುಂಬಿಸಬೇಕಾದದ್ದು ಊಟವೇ. ಕುಚ್ಚಲಕ್ಕಿ ಉಣ್ಣುವ ನಮಗೆ ನಾರಿನ ಕೊರತೆಯಿಲ್ಲ ಎಂಬ ನಂಬಿಕೆ ಕಾಸರಗೋಡಿನ ಮನೆಗಳಲ್ಲಿ ಬಲವಾಗಿದೆ, ಆದರೆ ಅದು ಪೂರ್ತಿ ನಿಜವಲ್ಲ. ಭತ್ತವನ್ನು ಬೇಯಿಸುವಾಗ ತವುಡಿನ ಬಿ ಜೀವಸತ್ವಗಳಲ್ಲಿ ಒಂದಷ್ಟು ಕಾಳಿನೊಳಗೆ ಇಳಿಯುತ್ತವೆ. ನಾರು ಹಾಗೆ ಇಳಿಯುವುದಿಲ್ಲ, ಮಿಲ್ಲಿನಲ್ಲಿ ತವುಡಿನ ಜೊತೆಗೇ ಹೋಗುತ್ತದೆ. 100 ಗ್ರಾಂ ಬೆಳ್ತಿಗೆ ಅಕ್ಕಿಯಲ್ಲಿ ಸುಮಾರು 3 ಗ್ರಾಂ, ಕುಚ್ಚಲಕ್ಕಿಯಲ್ಲಿ 4 ಗ್ರಾಮಿಗೂ ಸ್ವಲ್ಪ ಕಡಿಮೆ ನಾರಿದ್ದರೆ, ರಾಗಿಯಲ್ಲಿ 11 ಗ್ರಾಮಿನಷ್ಟಿದೆ, ಹೆಸರುಕಾಳಿನಲ್ಲಿ 17 ಗ್ರಾಮಿನಷ್ಟಿದೆ. ಹಾಗಾಗಿ ಗಂಜಿಯ ಜೊತೆ 50 ಗ್ರಾಂ ಹೆಸರುಕಾಳಿನ ಗಸಿ ಉಂಡರೆ 8 ಗ್ರಾಂ ನಾರು ಅಲ್ಲಿಯೇ ಸಿಕ್ಕಿತು. ಅದಕ್ಕೆ ಅಲಸಂಡೆ, ಬಸಳೆ, ಬಾಳೆದಿಂಡಿನ ಪಲ್ಯಗಳು ಸೇರಿದರೆ ಪುಡಿಯ ಅಗತ್ಯವೇ ಬಾರದಿರಬಹುದು.

ಹಾಗಿದ್ದರೆ ಮಿಲ್ಲಿನಿಂದಲೇ ತವುಡು ತಂದು ತಿನ್ನಬಹುದಲ್ಲ ಎಂದು ಕೆಲವರು ಕೇಳುವುದುಂಟು. ಬೇಡ. ಅದು ಹಸುವಿನ ಅಕ್ಕಚ್ಚಿಗೆಂದು ಇಟ್ಟದ್ದು, ಮನುಷ್ಯರು ತಿನ್ನುವಷ್ಟು ಶುಚಿಯಾಗಿರುವುದಿಲ್ಲ. ಬಿಸಿಯಿಂದ ಸಂಸ್ಕರಿಸದ ಹಸಿ ತವುಡಿನ ಎಣ್ಣೆಯಂಶ ಬೇಗನೆ ಕಮಟುತ್ತದೆ. ಅಕ್ಕಿಯ ಆರ್ಸೆನಿಕ್ ಹೆಚ್ಚಾಗಿ ಸೇರಿಕೊಳ್ಳುವುದೂ ಆ ಪದರದಲ್ಲಿಯೇ.

ನಿಮ್ಮ ವಿಷಯಕ್ಕೆ ಬರುವುದಾದರೆ, ಮಗ ತಂದ ಪುಡಿಯನ್ನು ಎಸೆಯಬೇಕೆಂದು ನಾನು ಹೇಳುವುದಿಲ್ಲ. ಮಲಬದ್ಧತೆಗೆ ಅದರಿಂದ ಸ್ವಲ್ಪ ಸಹಾಯ ಆಗಲೂಬಹುದು. ಆದರೆ ನೀವು ಮೊದಲು ಗಮನಿಸಬೇಕಾದದ್ದು ಥೈರಾಯ್ಡಿನ ಮಾತ್ರೆಯನ್ನು. ನಾರು ಕರುಳಿನಲ್ಲಿ ಆ ಔಷಧಿ ಹೀರಲ್ಪಡುವುದನ್ನು ಕಡಿಮೆ ಮಾಡಬಲ್ಲದು. ಆದ್ದರಿಂದ ಬೆಳಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿದ ಮೇಲೆ ಕನಿಷ್ಠ ನಾಲ್ಕು ಗಂಟೆ ಬಿಟ್ಟು, ಅಂದರೆ ಮಧ್ಯಾಹ್ನದ ಅಥವಾ ರಾತ್ರಿಯ ಊಟದ ಹೊತ್ತಿಗೆ, ಪುಡಿಯನ್ನು ಸೇವಿಸಿ. ನಾರು ಹೆಚ್ಚಾದಾಗ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗಬಹುದಾದ್ದರಿಂದ, ಮೊದಲ ಕೆಲವು ವಾರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಂಡು ವೈದ್ಯರಿಗೆ ತೋರಿಸಿ. ಹೇಳಿದ ಪ್ರಮಾಣದ ಅರ್ಧದಿಂದ ಆರಂಭಿಸಿ, ಒಂದೆರಡು ವಾರದಲ್ಲಿ ನಿಧಾನವಾಗಿ ಹೆಚ್ಚಿಸಿ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರವೂ ವಾಯುವೂ ಕಾಡುತ್ತವೆ. ನೀರು ಸಾಕಷ್ಟು ಕುಡಿಯದಿದ್ದರೆ ಮಲಬದ್ಧತೆ ಹೆಚ್ಚುವ ಸಂಭವವೂ ಇದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗಾಗಿ ನೀರು ಮಿತವಾಗಿ ಕುಡಿಯಲು ಹೇಳಿಸಿಕೊಂಡವರು ವೈದ್ಯರನ್ನು ಕೇಳದೆ ಇದನ್ನು ಆರಂಭಿಸಬಾರದು.

ನಮ್ಮ ದೇಶದಲ್ಲಿ ಮಾರುವ ಇಂಥ ಪುಡಿಗಳ ಪೊಟ್ಟಣದ ಮೇಲೆ ‘ನಾಟ್ ಫಾರ್ ಮೆಡಿಸಿನಲ್ ಯೂಸ್’, ಅಂದರೆ ಔಷಧಿಯಾಗಿ ಬಳಸತಕ್ಕದ್ದಲ್ಲ, ಎಂದು ಅಚ್ಚುಮಾಡುವುದು ಕಡ್ಡಾಯ. ಹೊರದೇಶದಿಂದ ತಂದದ್ದರಲ್ಲಿ ಅದು ಇರಲಾರದು; ಅದರಲ್ಲಿ ಬೇರೇನು ಬೆರೆಸಿದ್ದಾರೆಂದು ಮಗನಿಂದಲೇ ಓದಿಸಿಕೊಳ್ಳಿ. ಗೋಧಿ ಅಥವಾ ಬಾರ್ಲಿಯ ಅಂಶವಿದ್ದರೆ ಗ್ಲುಟೆನ್ ಒಗ್ಗದವರು ಅದನ್ನು ಮುಟ್ಟಬಾರದು.

ನಿಮ್ಮ ಮಲಬದ್ಧತೆ ಇತ್ತೀಚೆಗಷ್ಟೇ ಕಾಣಿಸಿಕೊಂಡಿದ್ದರೆ, ಮಲದಲ್ಲಿ ರಕ್ತವಿದ್ದರೆ, ಅಥವಾ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಪುಡಿಯನ್ನು ತೆರೆಯುವ ಮೊದಲೇ ವೈದ್ಯರಲ್ಲಿಗೆ ಹೋಗಿ. ಥೈರಾಯ್ಡಿನ ಮಾತ್ರೆಯ ಪ್ರಮಾಣ ಸಾಲದಿದ್ದಾಗಲೂ ಮಲಬದ್ಧತೆ ಉಂಟಾಗುತ್ತದೆ. ಥೈರಾಯ್ಡಿನ ರಕ್ತಪರೀಕ್ಷೆ ಮಾಡಿಸಿ ಬಹಳ ದಿನಗಳಾಗಿದ್ದರೆ ಅದನ್ನೂ ಅದೇ ಭೇಟಿಯಲ್ಲಿ ಮಾಡಿಸಿಕೊಳ್ಳಿ.