ರೈಟ್ ಫೀಲ್ಡ್‌ಗೆ ಹೋದ ಮಗಳಿಗೆ ಏನು ಹೇಳಬೇಕು?

ವಸಂತ ಋತುವಿನ ಸಾಫ್ಟ್‌ಬಾಲ್ ಆರಂಭವಾಗಿ ಎರಡು ಮೂರು ಪಂದ್ಯಗಳು ಮುಗಿಯುವಷ್ಟರಲ್ಲಿ ನನ್ನಲ್ಲಿಗೆ ಬರುವ ಕನ್ನಡ ಕುಟುಂಬಗಳ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಕಳೆದ ವರ್ಷ ಮೈದಾನದ ಒಳಭಾಗದಲ್ಲಿ, ಚೆಂಡು ಹೆಚ್ಚು ಬರುವ ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡಿದ್ದ ಮಗಳನ್ನು ಈ ವರ್ಷ ದೂರದ ಬಲಭಾಗಕ್ಕೆ, ಅಂದರೆ ರೈಟ್ ಫೀಲ್ಡ್‌ಗೆ ಕಳಿಸಿದ್ದಾರೆ, ಬ್ಯಾಟಿಂಗ್‌ನಲ್ಲಿ ಒಂಬತ್ತನೆಯವಳಾಗಿ ಹಾಕಿದ್ದಾರೆ, ಎರಡು ಇನ್ನಿಂಗ್ ಬೆಂಚಿನಲ್ಲಿ ಕೂರಿಸಿದ್ದಾರೆ. ಅವಳ ಆತ್ಮವಿಶ್ವಾಸ ಕುಸಿಯುತ್ತಿದೆ, ಏನು ಮಾಡೋಣ? ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಆಪ್ತಸಮಾಲೋಚಕಿಯಾಗಿರುವ ನಾನು ಈ ಪ್ರಶ್ನೆಯನ್ನು ಗೌರವದಿಂದಲೇ ಕೇಳಿಸಿಕೊಳ್ಳುತ್ತೇನೆ. ಆದರೆ ಮಾತು ಮುಂದುವರಿದಂತೆ ಹೊರಬೀಳುವ ಸಂಗತಿಯೊಂದು ಪ್ರತಿ ವರ್ಷವೂ ನನ್ನ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಪಂದ್ಯ ಮುಗಿದು ಮನೆಗೆ ಮರಳುವ ಕಾರಿನಲ್ಲೇ ಅಪ್ಪನೋ ಅಮ್ಮನೋ ಆ ಮಗುವಿಗೆ ಎರಡರಲ್ಲಿ ಒಂದು ಮಾತನ್ನು ಆಗಲೇ ಹೇಳಿಬಿಟ್ಟಿರುತ್ತಾರೆ. "ಆ ಕೋಚ್‌ಗೆ ಏನೂ ಗೊತ್ತಿಲ್ಲ, ನಾನು ಮಾತಾಡ್ತೀನಿ ಬಿಡು" ಎಂಬುದು ಒಂದು. "ರೈಟ್ ಫೀಲ್ಡೇ ಎಲ್ಲಕ್ಕಿಂತ ಮುಖ್ಯವಾದ ಜಾಗ ಕಣೇ ಪುಟ್ಟಿ, ಎಲ್ಲರಿಗಿಂತ ನೀನೇ ಚೆನ್ನಾಗಿ ಆಡಿದೆ" ಎಂಬುದು ಇನ್ನೊಂದು.

ಎರಡೂ ಪ್ರೀತಿಯಿಂದಲೇ ಬರುವ ಮಾತುಗಳು. ಕೇಳುವುದಕ್ಕೆ ಒಂದಕ್ಕೊಂದು ವಿರುದ್ಧವಾಗಿವೆ. ಮಗುವಿಗೆ ಮಾತ್ರ ಎರಡರಿಂದಲೂ ತಲುಪುವುದು ಒಂದೇ ಸುದ್ದಿ. ಕೋಚ್‌ನೊಡನೆ ಜಗಳಕ್ಕೆ ಹೊರಟ ತಂದೆಯನ್ನು ಕಂಡ ಮಗು, ತನಗೆ ಸಿಕ್ಕಿರುವ ಜಾಗ ಮನೆಯವರಿಗೆ ಸಹಿಸಲಾಗದಷ್ಟು ಕೀಳಾದದ್ದು ಎಂದು ತಿಳಿಯುತ್ತದೆ. ಇಲ್ಲದ ಹಿರಿಮೆಯನ್ನು ಆ ಜಾಗಕ್ಕೆ ಹೊದಿಸುವ ತಾಯಿಯನ್ನು ಕಂಡ ಮಗುವೂ ಅದನ್ನೇ ತಿಳಿಯುತ್ತದೆ, ಏಕೆಂದರೆ ಮುಚ್ಚಿಡಬೇಕಾದ ಸಂಗತಿಯೇನೋ ಇದೆ ಎಂಬುದು ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ತಂಡದಲ್ಲಿ ಯಾರ ತೋಳು ಗಟ್ಟಿ, ಯಾರ ಓಟ ಚುರುಕು, ಯಾರ ಗ್ಲೌಸ್‌ನಿಂದ ಚೆಂಡು ಜಾರುತ್ತದೆ ಎಂಬ ಲೆಕ್ಕ ಅವರಿಗೆ ನಮಗಿಂತ ಖಚಿತವಾಗಿ ತಿಳಿದಿರುತ್ತದೆ. ಎಷ್ಟೋ ಸಲ ಡಗೌಟ್‌ನಿಂದ ಹೊರಗೆ ಬರುವವರೆಗೆ ಆ ಹುಡುಗಿಗೆ ಸಣ್ಣ ಬೇಸರ ಮಾತ್ರ ಇರುತ್ತದೆ. ಪಾರ್ಕಿಂಗ್‌ನಲ್ಲಿ ಕಾಯುತ್ತಿರುವ ಹೆತ್ತವರ ಮುಖ ನೋಡಿದ ಮೇಲೆಯೇ ಅದು ದೊಡ್ಡ ಸಂಕಟವಾಗುವುದು.

ನಮ್ಮವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಕ್ರಿಕೆಟ್ ನೋಡುತ್ತಾ ಆಡುತ್ತಾ ಬೆಳೆದ ನಾವು ಈ ಆಟವನ್ನೂ ಕ್ರಿಕೆಟ್‌ನ ಕಣ್ಣಿನಿಂದಲೇ ನೋಡುತ್ತೇವೆ. ಹನ್ನೊಂದನೆಯವನಾಗಿ ಬ್ಯಾಟಿಂಗ್‌ಗೆ ಇಳಿಯುವುದು ಎಂದರೇನು ಎಂಬುದು ನಮಗೆ ಗೊತ್ತು: ಬ್ಯಾಟು ಹಿಡಿಯಲು ಬಾರದವನು, ಅವನ ಸರದಿ ಬಂದರೆ ಇನ್ನಿಂಗ್ಸ್ ಮುಗಿದಂತೆಯೇ. ಆ ಅರ್ಥವನ್ನು ಸಾಫ್ಟ್‌ಬಾಲ್‌ನ ಒಂಬತ್ತನೆಯ ಸ್ಥಾನಕ್ಕೆ ಹಾಗೆಯೇ ಅಂಟಿಸುತ್ತೇವೆ. ಇಲ್ಲಿ ಮೂರು ಔಟ್ ಆದರೆ ಆ ಇನ್ನಿಂಗ್‌ನ ಸರದಿ ಮುಗಿಯುತ್ತದೆ, ಮುಂದಿನ ಸರದಿ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಒಂಬತ್ತನೆಯವಳ ಬೆನ್ನಿಗೆ ಮತ್ತೆ ಮೊದಲನೆಯವಳು ಬರುತ್ತಾಳೆ. ಆದ್ದರಿಂದ ಎರಡನೆಯ ಸುತ್ತಿನಿಂದಾಚೆಗೆ ಒಂಬತ್ತನೆಯವಳ ಕೆಲಸವೆಂದರೆ ತಂಡದ ಅತ್ಯುತ್ತಮ ಬ್ಯಾಟರ್‌ಗಳು ಬರುವ ಮೊದಲು ಹೇಗಾದರೂ ಮಾಡಿ ಬೇಸ್ (ಓಡಿ ಮುಟ್ಟಬೇಕಾದ ನೆಲೆ) ತಲುಪಿರುವುದು. ನಾಲ್ಕು ಕೆಟ್ಟ ಎಸೆತಗಳನ್ನು ಬಿಟ್ಟು ವಾಕ್ ಗಿಟ್ಟಿಸಿಕೊಂಡರೂ ಆ ಕೆಲಸ ಆದಂತೆಯೇ. ಹಾಗೆಂದು ಅದು ಎಲ್ಲ ಸ್ಥಾನಗಳಿಗೆ ಸಮ ಎಂದು ನಾನು ಹೇಳಲಾರೆ. ಇಡೀ ಋತುವನ್ನು ಗಣನೆಗೆ ತೆಗೆದುಕೊಂಡರೆ ಕೊನೆಯಲ್ಲಿರುವವಳಿಗೆ ಬ್ಯಾಟ್ ಹಿಡಿಯುವ ಅವಕಾಶ ಮೊದಲಿನವಳಿಗಿಂತ ಕಡಿಮೆಯೇ ಸಿಗುತ್ತದೆ.

ರೈಟ್ ಫೀಲ್ಡ್‌ನ ವಿಷಯದಲ್ಲೂ ಸತ್ಯವನ್ನು ನೇರವಾಗಿಯೇ ಹೇಳಬೇಕು. ಬ್ಯಾಟ್ ಮಾಡುವವರಲ್ಲಿ ಬಲಗೈಯವರೇ ಹೆಚ್ಚು, ಅವರು ಬಲವಾಗಿ ಬೀಸಿದ ಚೆಂಡು ಮೈದಾನದ ಎಡಭಾಗಕ್ಕೆ ಹೋಗುವುದೇ ಹೆಚ್ಚು. ಹೀಗಾಗಿ ಕಿರಿಯರ ತಂಡಗಳಲ್ಲಿ ಕೋಚ್‌ಗಳು ಇನ್ನೂ ಪಳಗದ ಆಟಗಾರ್ತಿಯನ್ನು ಬಲಭಾಗದ ಔಟ್‌ಫೀಲ್ಡ್‌ನಲ್ಲಿ ನಿಲ್ಲಿಸುವುದು ರೂಢಿ. ಮಕ್ಕಳಿಗೂ ಇದು ಗೊತ್ತು. ಆದರೆ ಅದೇ ಜಾಗಕ್ಕೆ ಒಂದು ನಿರ್ದಿಷ್ಟ ಕೆಲಸವಿದೆ, ಅದನ್ನು ಹೆತ್ತವರಲ್ಲಿ ಹೆಚ್ಚಿನವರು ಗಮನಿಸಿಯೇ ಇರುವುದಿಲ್ಲ. ಇನ್‌ಫೀಲ್ಡ್‌ನಲ್ಲಿ, ಅಂದರೆ ಬೇಸ್‌ಗಳ ಸುತ್ತಲಿನ ಒಳಭಾಗದಲ್ಲಿ, ನೆಲದ ಮೇಲೆ ಉರುಳಿದ ಬಹುಪಾಲು ಚೆಂಡುಗಳನ್ನು ಬ್ಯಾಟರ್ ಮೊದಲು ತಲುಪಬೇಕಾದ ಫಸ್ಟ್ ಬೇಸ್‌ಗೆ ಎಸೆಯುತ್ತಾರೆ; ಎಳೆಯ ತೋಳುಗಳ ಎಸೆತ ಆಗಾಗ ಗುರಿ ತಪ್ಪುತ್ತದೆ; ಹಾಗೆ ತಪ್ಪಿದ ಚೆಂಡನ್ನು ತಡೆಯಲು ರೈಟ್ ಫೀಲ್ಡರ್ ಪ್ರತಿ ಸಲವೂ ಫಸ್ಟ್ ಬೇಸ್‌ನ ಹಿಂದಕ್ಕೆ ಓಡಿ ಬಂದಿರಬೇಕು. ಅವಳು ಬಂದಿರದಿದ್ದರೆ ಬ್ಯಾಟರ್ ಮತ್ತೊಂದೆರಡು ಬೇಸ್ ದಾಟಿಬಿಡುತ್ತಾಳೆ. ಜೊತೆಗೆ ಈ ಆಟದಲ್ಲಿ ಬೇಸ್‌ಗಳ ನಡುವಿನ ಅಂತರ 60 ಅಡಿ ಮಾತ್ರ. ಬಲಭಾಗಕ್ಕೆ ಬಿರುಸಾಗಿ ಬಂದ ಚೆಂಡನ್ನು ಮುನ್ನುಗ್ಗಿ ಹಿಡಿದು ನೇರವಾಗಿ ಫಸ್ಟ್ ಬೇಸ್‌ಗೆ ಎಸೆದರೆ, ಬೇಸ್ ಹಿಟ್ ಆಗಬೇಕಿದ್ದ ಹೊಡೆತವನ್ನೇ ಔಟ್ ಆಗಿಸಬಹುದು. ಬೇಸ್‌ಗಳು 90 ಅಡಿ ದೂರದಲ್ಲಿರುವ ದೊಡ್ಡವರ ಬೇಸ್‌ಬಾಲ್‌ನಲ್ಲಿ ಇದು ಅಪರೂಪ.

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಂದು ಕುಟುಂಬದ ವಿಷಯ ಹೇಳುತ್ತೇನೆ. ಹನ್ನೊಂದು ವರ್ಷದ ಹುಡುಗಿ. ಅವಳ ತಂದೆ ಪ್ರತಿ ಪಂದ್ಯದಲ್ಲೂ ಯಾವ ಹುಡುಗಿ ಎಷ್ಟು ಇನ್ನಿಂಗ್ ಎಲ್ಲಿ ಆಡಿದಳು ಎಂಬುದನ್ನು ಫೋನಿನಲ್ಲಿ ಬರೆದಿಟ್ಟು, ಅದನ್ನು ನನ್ನ ಮೇಜಿನ ಮೇಲೆ ಸಾಕ್ಷ್ಯದಂತೆ ಮುಂದಿಟ್ಟರು. ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಮಗಳು ಮಾತ್ರ ಅಭ್ಯಾಸಕ್ಕೆ ಹೋಗುವ ದಿನ ಹೊಟ್ಟೆನೋವು ಎನ್ನಲು ಶುರುಮಾಡಿದ್ದಳು. ಅದೇ ಸಮಯದಲ್ಲಿ ತಿಪಟೂರಿನಿಂದ ಅವಳ ಅಜ್ಜಿ ಬಂದಿದ್ದರು. ಆಟದ ಗಂಧಗಾಳಿ ಇಲ್ಲದ ಅವರು ಬೇಲಿಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಇಡೀ ಪಂದ್ಯದುದ್ದಕ್ಕೂ ಮೊಮ್ಮಗಳನ್ನೊಬ್ಬಳನ್ನೇ ನೋಡಿದರು. ಕಾರಿನಲ್ಲಿ ಅವರು ಕೇಳಿದ್ದು ಇಷ್ಟೇ: "ಅಲ್ವೇ ಪುಟ್ಟಿ, ಚೆಂಡು ನಿನ್ನ ಕಡೆ ಬರೋದೇ ಇಲ್ಲ, ಆದ್ರೂ ಪ್ರತಿ ಸಲ ಆ ಮೂಲೆಗೆ ಯಾಕೆ ಓಡ್ತೀಯ?" ಹುಡುಗಿ ಮನೆ ತಲುಪುವವರೆಗೂ ವಿವರಿಸಿದಳಂತೆ. ಯಾವ ಚೆಂಡಿಗೆ ಓಡಬೇಕು, ಎಷ್ಟು ಹಿಂದೆ ನಿಲ್ಲಬೇಕು, ಬೇಲಿಗೆ ಬಡಿದು ಚೆಂಡು ಹೇಗೆ ತಿರುಗುತ್ತದೆ, ಆ ದಿನ ಮೂರನೆಯ ಇನ್ನಿಂಗ್‌ನಲ್ಲಿ ತಾನು ತಡೆದ ಓವರ್‌ಥ್ರೋ ಯಾವುದು, ಎಲ್ಲವನ್ನೂ ಮುರುಕು ಕನ್ನಡದಲ್ಲಿ. ಆ ಓವರ್‌ಥ್ರೋ ತಂದೆಯ ಫೋನಿನಲ್ಲಿ ದಾಖಲಾಗಿರಲಿಲ್ಲ. ಮರುವಾರದಿಂದ ಹೊಟ್ಟೆನೋವು ನಿಂತಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ನಿಧಾನವಾಗಿ ಕಡಿಮೆಯಾಯಿತು, ಕಾರಣಗಳು ಬೇರೆಯೂ ಇದ್ದವು. ಆದರೆ ಮನೆಯಲ್ಲಿ ಒಬ್ಬರಿಗಾದರೂ ತನ್ನ ಕೆಲಸ ಏನೆಂದು ಗೊತ್ತು ಎಂಬ ನೆಮ್ಮದಿ ಅವಳಿಗೆ ಸಿಕ್ಕಿತ್ತು.

ಈ ಅಂಶವನ್ನೇ ನಾನು ಮತ್ತೆ ಮತ್ತೆ ಹೇಳಬೇಕಾಗಿ ಬರುತ್ತದೆ. ಮಗುವಿನ ಜಾಗ ಚಿಕ್ಕದೋ ದೊಡ್ಡದೋ ಎಂದು ತೀರ್ಪು ಕೊಡುವ ಕೆಲಸ ನಿಮ್ಮದಲ್ಲ. ಆ ಜಾಗದಲ್ಲಿ ಮಾಡಬೇಕಾದ ಕೆಲಸ ಏನು ಎಂಬುದನ್ನು ಅರಿತು, ಅವಳು ಅದನ್ನು ಮಾಡಿದಾಗ ಕಂಡದ್ದನ್ನು ಕಂಡ ಹಾಗೆ ಹೇಳುವುದು ನಿಮ್ಮ ಕೆಲಸ. "ಸೂಪರ್ ಆಡಿದೆ" ಎನ್ನುವುದಕ್ಕೂ "ನಾಲ್ಕನೇ ಇನ್ನಿಂಗ್‌ನಲ್ಲಿ ಎಸೆತ ತಪ್ಪಿದಾಗ ನೀನು ಮೊದಲೇ ಅಲ್ಲಿ ಇದ್ದೆ" ಎನ್ನುವುದಕ್ಕೂ ಇರುವ ಅಂತರ ದೊಡ್ಡದು. ಮೊದಲ ಮಾತನ್ನು ಮಗು ನಂಬಬಹುದು, ನಂಬದಿರಬಹುದು. ಎರಡನೆಯದನ್ನು ನಂಬುವ ಪ್ರಶ್ನೆಯೇ ಇಲ್ಲ, ಅದು ನಡೆದದ್ದು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ವಿಚಾರದ ಪ್ರಕಾರ, ಒಂದು ಕೆಲಸ ತನ್ನಿಂದಾಗುತ್ತದೆ ಎಂಬ ನಂಬಿಕೆಗೆ ಎಲ್ಲಕ್ಕಿಂತ ಬಲವಾದ ಆಧಾರ ಅದನ್ನು ತಾನೇ ಮಾಡಿ ಮುಗಿಸಿದ ಅನುಭವ. ಇತರರು ಹುರಿದುಂಬಿಸುವ ಮಾತು ಅದಕ್ಕಿಂತ ದುರ್ಬಲವಾದ ಆಧಾರ. ನೆದರ್ಲೆಂಡ್ಸ್‌ನ ಎಡ್ಡಿ ಬ್ರುಮ್ಮೆಲ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ತಮ್ಮ ಬಗ್ಗೆ ಕೀಳರಿಮೆ ಇರುವ ಮಕ್ಕಳಿಗೇ ದೊಡ್ಡವರು ಉಬ್ಬಿಸಿದ ಹೊಗಳಿಕೆಯನ್ನು ಹೆಚ್ಚು ಕೊಡುತ್ತಾರೆ, ಮತ್ತು ಅಂಥ ಹೊಗಳಿಕೆ ಪಡೆದ ಅದೇ ಮಕ್ಕಳು ಮುಂದೆ ಕಷ್ಟದ ಕೆಲಸಗಳನ್ನು ಆರಿಸಿಕೊಳ್ಳಲು ಹಿಂಜರಿಯುತ್ತಾರೆ ಎಂಬುದು ಅಲ್ಲಿ ಕಂಡುಬಂತು. ಚಿತ್ರ ಬಿಡಿಸುವ ಪ್ರಯೋಗದಲ್ಲಿ ಕಂಡದ್ದು ಮೈದಾನಕ್ಕೂ ಪೂರ್ತಿಯಾಗಿ ಅನ್ವಯಿಸುತ್ತದೆ ಎಂದು ನಾನು ಆಣೆ ಮಾಡಲಾರೆ. ಆದರೂ ನನ್ನ ಕೋಣೆಯಲ್ಲಿ ಕಾಣುವುದಕ್ಕೆ ಅದು ತೀರ ಸಮೀಪವಾಗಿದೆ.

ದೊಡ್ಡವರ ಕಥೆಗಳ ವಿಷಯದಲ್ಲೂ ಎಚ್ಚರ ಬೇಕು. ರಾಹುಲ್ ದ್ರಾವಿಡ್ 2003ರ ವಿಶ್ವಕಪ್‌ನಲ್ಲಿ ತಂಡಕ್ಕಾಗಿ ಕೀಪಿಂಗ್ ಗ್ಲೌಸ್ ತೊಟ್ಟ ಸಂಗತಿಯನ್ನು ಅನೇಕ ತಂದೆಯರು ಮಗಳಿಗೆ ಹೇಳುತ್ತಾರೆ. ನಮಗೆ ಅದು ಮೈನವಿರೇಳಿಸುವ ವಿಷಯ, ನನಗೂ ಹೌದು. ಆದರೆ ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿಗೆ ಅವರು ಅಪರಿಚಿತರು, ಮತ್ತು ಆಗಲೇ ಜಗತ್ತು ಮೆಚ್ಚಿದ ಬ್ಯಾಟ್ಸ್‌ಮನ್ ಒಬ್ಬರು ಹೆಚ್ಚುವರಿ ಹೊಣೆ ಹೊತ್ತದ್ದಕ್ಕೂ ಇವಳು ತನ್ನ ಇಷ್ಟದ ಜಾಗ ಕಳೆದುಕೊಂಡದ್ದಕ್ಕೂ ಹೋಲಿಕೆ ಕಡಿಮೆ. ಅವಳ ನೋವು ಸಹಜವಾದದ್ದು ಎಂದು ಒಪ್ಪಿಕೊಂಡು, "ಬೇಜಾರಾಗಿದೆ ಅಲ್ವಾ? ಶಾರ್ಟ್‌ಸ್ಟಾಪ್ ನಿಂಗೆ ತುಂಬಾ ಇಷ್ಟ ಇತ್ತು" ಎಂದು ಹೇಳಿ ಸುಮ್ಮನಾಗುವುದು ಸಾಮಾನ್ಯವಾಗಿ ಹೆಚ್ಚು ಉಪಕಾರಿ.

ಜಾಗ ಏಕೆ ಬದಲಾಯಿತು ಎಂಬುದಕ್ಕೆ ಅನೇಕ ವೇಳೆ ಸರಳವಾದ ದೈಹಿಕ ಕಾರಣ ಇರುತ್ತದೆ. ಹತ್ತು ವರ್ಷದೊಳಗಿನವರ ವಿಭಾಗದಲ್ಲಿ ಚೆಂಡಿನ ಸುತ್ತಳತೆ 11 ಇಂಚು, ಪಿಚರ್ ಎಸೆಯುವ ದೂರ 35 ಅಡಿ. ಹನ್ನೆರಡರೊಳಗಿನವರ ವಿಭಾಗಕ್ಕೆ ಬಂದೊಡನೆ ಚೆಂಡು 12 ಇಂಚು, ದೂರ 40 ಅಡಿ ಆಗುತ್ತದೆ. ಆ ವಯಸ್ಸಿನಲ್ಲಿ ಕೆಲವು ಹುಡುಗಿಯರು ಥಟ್ಟನೆ ಉದ್ದವಾಗುತ್ತಾರೆ, ಕೆಲವರು ಇನ್ನೊಂದೆರಡು ವರ್ಷ ಕಾಯಬೇಕಾಗುತ್ತದೆ. ಚಿಕ್ಕ ಅಂಗೈಯ ಹುಡುಗಿ ದೊಡ್ಡ ಚೆಂಡನ್ನು ಶಾರ್ಟ್‌ಸ್ಟಾಪ್‌ನಿಂದ ಫಸ್ಟ್ ಬೇಸ್‌ವರೆಗೆ ಬೀಸಿ ಎಸೆಯಲಾರಳು. ಅದರಲ್ಲಿ ಅವಳ ತಪ್ಪೂ ಇಲ್ಲ, ಕೋಚ್‌ನ ದ್ವೇಷವೂ ಇಲ್ಲ.

ಹಾಗಾದರೆ ಕೋಚ್‌ನೊಡನೆ ಮಾತಾಡಲೇಬಾರದೇ ಎಂದು ಕೇಳುತ್ತಾರೆ. ಮಾತಾಡಬೇಕು, ಆದರೆ ಆಡುವವಳೇ ಮಾತಾಡಲಿ. ಹತ್ತು ವರ್ಷ ದಾಟಿದ ಮಗು ಅಭ್ಯಾಸ ಮುಗಿದ ಮೇಲೆ ಕೋಚ್ ಬಳಿ ಹೋಗಿ "ಇನ್‌ಫೀಲ್ಡ್‌ನಲ್ಲಿ ಆಡಬೇಕಾದರೆ ನಾನು ಯಾವುದನ್ನು ಸುಧಾರಿಸಿಕೊಳ್ಳಬೇಕು?" ಎಂದು ಕೇಳಬಲ್ಲದು. ಮನೆಯಲ್ಲಿ ಒಂದೆರಡು ಸಲ ಹೇಳಿಸಿ ಅಭ್ಯಾಸ ಮಾಡಿಸಿ, ನೀವು ಕೇಳಿಸದಷ್ಟು ದೂರ ನಿಲ್ಲಿ. ಉತ್ತರ ಏನೇ ಬರಲಿ, ಕೇಳಿದ್ದು ಅವಳು, ಆ ಉತ್ತರ ಅವಳದು. ನೀವೇ ಹೋಗಿ ಜಾಗ ಬದಲಿಸಿಕೊಂಡು ಬಂದರೆ, ಮರುದಿನ ಶಾರ್ಟ್‌ಸ್ಟಾಪ್‌ನಲ್ಲಿ ನಿಂತ ಮಗುವಿಗೆ ಅದು ತನ್ನ ಗಳಿಕೆಯಲ್ಲ ಎಂಬುದು ಗೊತ್ತಿರುತ್ತದೆ, ಉಳಿದ ಹುಡುಗಿಯರಿಗೂ ಗೊತ್ತಿರುತ್ತದೆ. ಮೊದಲ ಚೆಂಡು ಕೈತಪ್ಪಿದಾಗ ಅವಳ ಸ್ಥಿತಿ ಹಿಂದಿಗಿಂತ ಕಠಿಣವಾಗುತ್ತದೆ.

ಹೆತ್ತವರೇ ನೇರವಾಗಿ ಹೋಗಬೇಕಾದ ಸಂದರ್ಭಗಳೂ ಇವೆ. ಕೋಚ್ ಮಗುವನ್ನು ಎಲ್ಲರೆದುರು ಹೀಯಾಳಿಸಿದರೆ, ಬಣ್ಣ, ಮೈಕಟ್ಟು, ಹೆಸರುಗಳ ಬಗ್ಗೆ ಲೇವಡಿ ನಡೆದರೆ, ಪೆಟ್ಟಾದಾಗಲೂ ಆಡಿಸಿದರೆ, ಲೀಗ್‌ನ ನಿಯಮವನ್ನೇ ಮುರಿದರೆ ತಡಮಾಡಬೇಡಿ. ಊರೂರಿನ ಮಕ್ಕಳ ಬೇಸ್‌ಬಾಲ್, ಸಾಫ್ಟ್‌ಬಾಲ್ ನಡೆಸುವ ಲಿಟಲ್ ಲೀಗ್‌ನ ಸಾಮಾನ್ಯ ಋತುವಿನ ಪಂದ್ಯಗಳಲ್ಲಿ ಪ್ರತಿ ಆಟಗಾರ್ತಿಯೂ ಎದುರಾಳಿಯ ಕನಿಷ್ಠ ಆರು ಔಟ್‌ಗಳಷ್ಟು ಹೊತ್ತು ಫೀಲ್ಡಿಂಗ್ ಮಾಡಬೇಕು, ಕನಿಷ್ಠ ಒಂದು ಸಲ ಬ್ಯಾಟ್ ಮಾಡಬೇಕು ಎಂಬ ನಿಯಮವಿದೆ. ತಂಡ ದೊಡ್ಡದಿದ್ದರೆ ಸ್ವಲ್ಪ ಸಡಿಲಿಕೆ ಇದೆ. ಆಯ್ದ ಮಕ್ಕಳನ್ನು ಬೇರೆ ಊರುಗಳ ಟೂರ್ನಿಗಳಿಗೆ ಕರೆದೊಯ್ಯುವ ಟ್ರಾವೆಲ್ ತಂಡಗಳಲ್ಲಿ ಸಾಮಾನ್ಯವಾಗಿ ಇಂಥ ಖಾತರಿ ಇರುವುದಿಲ್ಲ, ಇದನ್ನು ಹಣ ಕಟ್ಟುವ ಮೊದಲೇ ಓದಿಕೊಳ್ಳಬೇಕು. ನಿದ್ದೆ, ಊಟ, ಓದು ಏರುಪೇರಾಗಿ ವಾರಗಟ್ಟಲೆ ಸರಿಹೋಗದಿದ್ದರೆ ಅದು ರೈಟ್ ಫೀಲ್ಡ್‌ನ ವಿಷಯವಷ್ಟೇ ಆಗಿರಲಾರದು. ಮಕ್ಕಳ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.

ತಂಡ ಆರಿಸುವಾಗ ಗೆಲುವಿನ ಪಟ್ಟಿ ನೋಡುವುದಕ್ಕಿಂತ, ತಪ್ಪು ಮಾಡಿ ಬಂದ ಮಗುವಿಗೆ ಕೋಚ್ ಏನು ಹೇಳುತ್ತಾರೆ ಎಂಬುದನ್ನು ಒಂದು ದಿನ ಬೇಲಿಯ ಹೊರಗೆ ನಿಂತು ಕೇಳಿಸಿಕೊಳ್ಳಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರ್ಯಾಂಕ್ ಸ್ಮೋಲ್ ಅವರು ಕಿರಿಯರ ಬೇಸ್‌ಬಾಲ್ ಕೋಚ್‌ಗಳಿಗೆ ಮಕ್ಕಳೊಡನೆ ವರ್ತಿಸುವ ತರಬೇತಿ ಕೊಟ್ಟು ನೋಡಿದ್ದರು. 1992ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ತರಬೇತಿ ಇಲ್ಲದ ಕೋಚ್‌ಗಳ ತಂಡಗಳಿಂದ ಮರುವರ್ಷ ಶೇಕಡ 26ರಷ್ಟು ಮಕ್ಕಳು ಆಟ ಬಿಟ್ಟಿದ್ದರು, ತರಬೇತಿ ಪಡೆದವರ ತಂಡಗಳಿಂದ ಶೇಕಡ 5 ಮಾತ್ರ.

ಇನ್ನು, ಋತುವಿನ ನಡುವೆ "ನಾನು ಬಿಟ್ಟುಬಿಡ್ತೀನಿ" ಎಂದಾಗ. ಹಿಂಸೆ, ಅವಮಾನಗಳು ಇಲ್ಲವೆಂದು ಖಚಿತವಾದರೆ, ಒಪ್ಪಿಕೊಂಡ ಋತುವನ್ನು ಮುಗಿಸುವಂತೆ ಹೇಳುವುದು ನ್ಯಾಯ, ಏಕೆಂದರೆ ಉಳಿದ ಹುಡುಗಿಯರೂ ಅವಳನ್ನು ನೆಚ್ಚಿಕೊಂಡಿರುತ್ತಾರೆ. ಆಮೇಲಿನ ತೀರ್ಮಾನದಲ್ಲಿ ಅವಳ ಮಾತಿಗೆ ನಿಜವಾದ ತೂಕ ಇರಲಿ. ಟ್ರಾವೆಲ್ ತಂಡದ ಬೆಂಚು ಬಿಟ್ಟು ಊರಿನ ಲೀಗ್‌ಗೆ ಮರಳಿ ಹೆಚ್ಚು ಆಡುವುದನ್ನು ಸೋಲು ಎಂದು ಕರೆಯಬೇಡಿ. ಬೆಳೆಯುವ ವಯಸ್ಸಿನಲ್ಲಿ ಕೈಗೆ ಹೆಚ್ಚು ಚೆಂಡು ಸಿಗುವುದೇ ಒಳ್ಳೆಯದು. ಬಹಳಷ್ಟು ಟ್ರಾವೆಲ್ ತಂಡಗಳ ಟ್ರೈಔಟ್ (ಆಯ್ಕೆ ಪರೀಕ್ಷೆ) ಬೇಸಿಗೆಯ ಕೊನೆಯಲ್ಲಿ ನಡೆಯುತ್ತದೆ. ಅದಕ್ಕೆ ಒಂದೆರಡು ವಾರ ಮೊದಲು, ಕಾರಿನಲ್ಲಿ ಅಲ್ಲ, ಮನೆಯಲ್ಲಿ ಕೂತು, ಮುಂದಿನ ವರ್ಷ ಎಲ್ಲಿ ಆಡಲು ಇಷ್ಟ, ಆಡಲು ಇಷ್ಟವೇ ಎಂದು ಕೇಳಿ, ಉತ್ತರಕ್ಕೆ ಕೆಲವು ದಿನ ಬಿಡಿ.