ಒಂದೇ ಗ್ರೇವಿ, ಹಲವು ಹೆಸರು: ಬ್ರಿಟನ್ನಿನ ಕರಿ ಹೌಸ್ ಊಟ ಕೆಲವರಿಗೇಕೆ ಹಿಡಿಸುವುದಿಲ್ಲ

ಬ್ರಿಟನ್ನಿನಲ್ಲಿ ಓದುತ್ತಿರುವ ಅಥವಾ ಕೆಲಸದಲ್ಲಿರುವ ಕನ್ನಡಿಗರು ನನ್ನ ಬಳಿ ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಮೊದಲನೆಯದು, ‘ನಮ್ಮ ಬೀದಿಯ ಇಂಡಿಯನ್ ರೆಸ್ಟೋರೆಂಟಿನಲ್ಲಿ ಉಂಡದ್ದು ನಮ್ಮ ಯಾವ ಊರಿನ ಅಡುಗೆಯಂತೆಯೂ ಇರಲಿಲ್ಲ, ಅಲ್ಲಿನವರಿಗೆ ಕೈ ಪಳಗಿಲ್ಲವೇ?’ ಎಂಬುದು. ಎರಡನೆಯದು, ‘ಆಫೀಸಿನ ಗೆಳೆಯರನ್ನು ಊಟಕ್ಕೆ ಕರೆದಿದ್ದೇನೆ, ಅವರಲ್ಲೊಬ್ಬರಿಗೆ ಕರಿ ಎಂದರೆ ಆಗುವುದಿಲ್ಲವಂತೆ, ಏನು ಮಾಡಿ ಬಡಿಸಲಿ?’ ಎಂಬುದು. ಮೇಲ್ನೋಟಕ್ಕೆ ಬೇರೆಬೇರೆಯಾಗಿ ಕಾಣುವ ಈ ಪ್ರಶ್ನೆಗಳ ಮೂಲ ಒಂದೇ. ಇಂಗ್ಲೆಂಡಿನಲ್ಲಿ ಇಂಡಿಯನ್ ರೆಸ್ಟೋರೆಂಟುಗಳಿಗೆ ರೂಢಿಯ ಹೆಸರಾದ ಕರಿ ಹೌಸ್‌ಗಳ ಅಡುಗೆಮನೆಯಲ್ಲಿ ಹಲವು ವರ್ಷ ದುಡಿದು, ಈಗ ಬೆಂಗಳೂರಿನಲ್ಲಿ ಹೋಟೆಲುಗಳಿಗೆ ಮೆನು ರೂಪಿಸಿಕೊಡುವ ಬಾಣಸಿಗನಾಗಿ ನಾನು ಕಂಡಿರುವುದೇನೆಂದರೆ, ಅಲ್ಲಿ ಜನ ಮೆಚ್ಚುವುದೂ ಬೇಡವೆನ್ನುವುದೂ ಬಹುಮಟ್ಟಿಗೆ ಒಂದು ಅಡುಗೆಮನೆಯ ಕ್ರಮವನ್ನು. ಭಾರತದ ಅಡುಗೆಯನ್ನು ಅವರಲ್ಲಿ ಅನೇಕರು ಇನ್ನೂ ಉಂಡೇ ಇಲ್ಲ.

ಆ ಕ್ರಮ ಹುಟ್ಟಿದ್ದಕ್ಕೆ ಕಾರಣಗಳಿವೆ. ಶೇಖ್ ದೀನ್ ಮಹಮ್ಮದ್ 1810ರಲ್ಲಿ ಲಂಡನ್ನಿನಲ್ಲಿ ‘ಹಿಂದೂಸ್ತಾನಿ ಕಾಫಿ ಹೌಸ್’ ತೆರೆದರು, 1926ರಲ್ಲಿ ಅದೇ ಊರಿನಲ್ಲಿ ‘ವೀರಸ್ವಾಮಿ’ ರೆಸ್ಟೋರೆಂಟ್ ಶುರುವಾಯಿತು. ಇವೆರಡೂ ಸಿರಿವಂತರನ್ನೂ ಭಾರತದಲ್ಲಿ ಅಧಿಕಾರ ನಡೆಸಿ ಮರಳಿದವರನ್ನೂ ಗಿರಾಕಿಗಳೆಂದು ಎಣಿಸಿದ್ದವು. ಊರೂರಿನ ಪೇಟೆಬೀದಿಗೆ ಕರಿಯನ್ನು ತಂದವರು ಬೇರೆಯವರು. ಹಡಗುಗಳ ಎಂಜಿನ್ ಕೋಣೆಗಳಲ್ಲಿ ದುಡಿಯುತ್ತ ಬಂದು ಅಲ್ಲಿಯೇ ನೆಲೆನಿಂತ, ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯ ಜನ ಮತ್ತು ಅವರ ಹಿಂದೆಯೇ ಬಂದ ಅವರ ಬಂಧುಗಳು ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಸಣ್ಣಪುಟ್ಟ ಕೆಫೆಗಳನ್ನು ಕೊಂಡು, ಅವನ್ನು ಒಂದೊಂದಾಗಿ ಕರಿ ಹೌಸ್‌ಗಳಾಗಿ ಬದಲಿಸಿದರು. ಅವರಲ್ಲಿ ಬಹುತೇಕರು ಊರಿನಲ್ಲಿ ಬಾಣಸಿಗರಾಗಿದ್ದವರಲ್ಲ. ಅಡುಗೆಮನೆ ಇಕ್ಕಟ್ಟು, ಕೈಗಳು ಕಡಿಮೆ, ಪಬ್ಬುಗಳು ಬಾಗಿಲು ಹಾಕಿದ ಮೇಲೆ ಒಟ್ಟಿಗೇ ನುಗ್ಗುವ ಗಿರಾಕಿಗಳು, ಮೆನುವಿನಲ್ಲಿ ಹತ್ತಾರು ಪದಾರ್ಥಗಳು, ಪ್ರತಿಯೊಂದೂ ಕೆಲವೇ ನಿಮಿಷಗಳಲ್ಲಿ ಟೇಬಲ್ಲಿಗೆ ಬರಬೇಕು. ಇಷ್ಟನ್ನೂ ನಿಭಾಯಿಸಲು ಅವರು ಕಂಡುಕೊಂಡ ಉತ್ತರವೇ ಬೇಸ್ ಗ್ರೇವಿ.

ಬೇಸ್ ಗ್ರೇವಿಯ ಹಂಡೆಯಲ್ಲಿ ತೂಕದ ಬಹುಪಾಲು ಈರುಳ್ಳಿ. ಅದರೊಡನೆ ಸ್ವಲ್ಪ ಕ್ಯಾರೆಟ್, ದೊಣ್ಣೆಮೆಣಸಿನಕಾಯಿ, ಕೆಲವೊಮ್ಮೆ ಎಲೆಕೋಸು, ಟೊಮೆಟೊ, ಶುಂಠಿ ಬೆಳ್ಳುಳ್ಳಿ, ಅರಿಸಿನ, ಸಾಕಷ್ಟು ಎಣ್ಣೆ, ಮುಳುಗುವಷ್ಟು ನೀರು. ಇದನ್ನು ತಾಸುಗಟ್ಟಲೆ ಕುದಿಸಿ, ಈರುಳ್ಳಿಯ ಘಾಟು ಪೂರ್ತಿ ಹೋಗಿ ಸಿಹಿ ಮಾತ್ರ ಉಳಿದಾಗ ನುಣ್ಣಗೆ ರುಬ್ಬಿ, ತೆಳ್ಳಗಿನ ಸೂಪಿನ ಹದಕ್ಕೆ ತಂದು, ರಾತ್ರಿಯಿಡೀ ಒಲೆಯ ಪಕ್ಕದಲ್ಲಿ ಬಿಸಿಯಾಗಿ ಇಟ್ಟಿರುತ್ತಾರೆ. ಹಂಡೆಯಿಂದ ಒಂದು ಚಮಚ ತೆಗೆದು ರುಚಿ ನೋಡಿದರೆ ಅದಕ್ಕೆ ಹೇಳಿಕೊಳ್ಳುವಂತಹ ಗುಣವಿಲ್ಲ, ಇರಬಾರದು ಕೂಡ, ಏಕೆಂದರೆ ಅದು ಎಲ್ಲ ಪದಾರ್ಥಗಳಿಗೂ ಒಗ್ಗಬೇಕು. ಕೋಳಿಯ ತುಂಡುಗಳನ್ನೂ ಕುರಿಮಾಂಸವನ್ನೂ ಬೇರೆಯಾಗಿ ಮೊದಲೇ ಬೇಯಿಸಿ ಇಟ್ಟಿರುತ್ತಾರೆ. ಕೊತ್ತಂಬರಿ, ಜೀರಿಗೆ, ಅರಿಸಿನ, ಕರಿ ಪೌಡರ್ ಮುಂತಾದವು ಬೆರೆತ ಮಿಕ್ಸ್ ಪೌಡರಿನ ಡಬ್ಬ ಕೈಗೆಟುಕುವ ಜಾಗದಲ್ಲಿರುತ್ತದೆ.

‘ಚಿಕನ್ ಮದ್ರಾಸ್’ ಎಂಬ ಆರ್ಡರ್ ಬಂದಿತೆನ್ನಿ. ಅಗಲವಾದ ಅಲ್ಯುಮಿನಿಯಂ ಪ್ಯಾನಿಗೆ ಎಣ್ಣೆ, ಶುಂಠಿ ಬೆಳ್ಳುಳ್ಳಿ ಪೇಸ್ಟ್, ಅದು ಬಣ್ಣ ತಿರುಗುವ ಹೊತ್ತಿಗೆ ಮಿಕ್ಸ್ ಪೌಡರ್, ಖಾರದ ಪುಡಿ, ಉಪ್ಪು, ಒಂದು ಚಿಟಿಕೆ ಕಸೂರಿ ಮೇಥಿ. ಪುಡಿ ಸೀಯುವ ಮುನ್ನವೇ ನೀರು ಬೆರೆಸಿದ ಟೊಮೆಟೊ ಪ್ಯೂರಿ. ಎಣ್ಣೆ ಬಿಟ್ಟುಕೊಂಡ ಕೂಡಲೇ ಉರಿಯನ್ನು ಪೂರ್ತಿ ಏರಿಸಿ ಒಂದು ಸೌಟು ಗ್ರೇವಿ ಹಾಕುತ್ತಾರೆ. ಇಲ್ಲಿಂದ ಮುಂದೆ ಅಡುಗೆಯವನು ಕೈಯಾಡಿಸದೆ ಕಾಯಬೇಕು. ಗ್ರೇವಿ ಕುದಿದು ಪ್ಯಾನಿನ ಅಂಚಿಗೆ ಹತ್ತಿ, ಅಲ್ಲಿ ಈರುಳ್ಳಿಯ ಸಕ್ಕರೆ ಕಂದುಗಟ್ಟುತ್ತದೆ. ಅದನ್ನು ಸೌಟಿನ ಬೆನ್ನಿನಿಂದ ಕೆರೆದು ಒಳಕ್ಕೆ ಸೇರಿಸಿ, ಎರಡನೆಯ ಸೌಟು ಹಾಕಿ, ಮತ್ತೆ ಅಂಚಿಗೆ ಹತ್ತಗೊಟ್ಟು ಮತ್ತೆ ಕೆರೆಯುತ್ತಾರೆ. ಬೆಂದ ಕೋಳಿ, ನಿಂಬೆರಸ, ಕೊತ್ತಂಬರಿ ಸೊಪ್ಪು ಬಿದ್ದರೆ ಪದಾರ್ಥ ಮುಗಿಯಿತು. ಕರಿ ಹೌಸ್‌ನ ಪರಿಮಳವೆಂದು ಅಲ್ಲಿನ ಜನ ಗುರುತಿಸುವುದು ಈ ಅಂಚಿನ ಕೆಲಸದಿಂದ ಬಂದದ್ದು. ಉರಿ ಕಡಿಮೆಯಾದರೆ ಗ್ರೇವಿ ಬೇಯಿಸಿದ ಈರುಳ್ಳಿಯ ನೀರಿನಂತೆಯೇ ಉಳಿಯುತ್ತದೆ, ಹೆಚ್ಚಾದರೆ ಪುಡಿ ಕರಕಾಗಿ ಕಹಿಯಾಗುತ್ತದೆ. ಹಾಗಾಗಿ ಆ ಅಡುಗೆಯವರಿಗೆ ಕೈ ಪಳಗಿಲ್ಲವೆನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಜನಜಂಗುಳಿಯ ಶನಿವಾರ ರಾತ್ರಿ ಒಬ್ಬನೇ ಮನುಷ್ಯ ನಾಲ್ಕು ಪ್ಯಾನುಗಳನ್ನು ಒಟ್ಟಿಗೆ ನಡೆಸುವುದನ್ನು ನೋಡಿದವರು ಯಾರೂ ಹಾಗೆ ಹೇಳಲಾರರು.

ಇದೇ ಕೆಲಸದಲ್ಲಿ ಖಾರದ ಪುಡಿ ಬಿಟ್ಟು ತೆಂಗಿನ ಪುಡಿ, ಸಕ್ಕರೆ, ಕೆನೆ ಸೇರಿಸಿದರೆ ಕೊರ್ಮಾ. ಖಾರವನ್ನು ಇನ್ನೂ ಏರಿಸಿ ಆಲೂಗಡ್ಡೆ ಹಾಕಿದರೆ ವಿಂದಾಲೂ. ಬೆಂದ ಬೇಳೆಯೂ ಹುಳಿಸಿಹಿಯೂ ಸೇರಿದರೆ ಧನ್‌ಸಾಕ್. ಮೂಲದಲ್ಲಿ ಮೊಗಲರ, ಗೋವೆಯ ಕ್ರೈಸ್ತರ, ಪಾರ್ಸಿಗಳ ಮನೆಯ ಈ ಅಡುಗೆಗಳು ಒಂದಕ್ಕೊಂದು ಸಂಬಂಧವೇ ಇಲ್ಲದವು. ಕರಿ ಹೌಸ್‌ನ ಮೆನುವಿನಲ್ಲಿ ಅವು ಖಾರದ ಏಣಿಯ ಮೆಟ್ಟಿಲುಗಳಾಗಿಬಿಟ್ಟವು. ಗಿರಾಕಿಗೆ ಇದರಿಂದ ಅನುಕೂಲವಾಯಿತು, ತನ್ನ ಮೆಟ್ಟಿಲು ಯಾವುದೆಂದು ತಿಳಿದರೆ ಸಾಕು, ದೇಶದ ಯಾವ ಊರಿಗೆ ಹೋದರೂ ಅದೇ ಊಟ ಸಿಗುತ್ತದೆ. ಅದೇ ಕಾರಣಕ್ಕೆ, ಒಂದು ಹಿಡಿಸದವರಿಗೆ ಯಾವುದೂ ಹಿಡಿಸುವುದಿಲ್ಲ.

ಕನ್ನಡಿಗರ ನಾಲಿಗೆ ಅಲ್ಲಿ ತಡವರಿಸುವುದೂ ಇದೇ ಜಾಗದಲ್ಲಿ. ನಮ್ಮ ಮನೆಗಳಲ್ಲಿ ಪದಾರ್ಥದಿಂದ ಪದಾರ್ಥಕ್ಕೆ ಮಸಾಲೆಯೇ ಬದಲಾಗುತ್ತದೆ. ಮಜ್ಜಿಗೆ ಹುಳಿಗೆ ನೆನೆಸಿದ ಕಡಲೆಬೇಳೆ, ಹಸಿಮೆಣಸು, ಹಸಿ ತೆಂಗಿನಕಾಯಿ. ಬಸ್ಸಾರಿಗೆ ಸೊಪ್ಪು ಬೇಳೆ ಬಸಿದ ಕಟ್ಟು. ಕೋರಿ ಗಸಿಗೆ ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಮೆಂತ್ಯ, ಹುಣಸೆಹುಳಿ, ಕೊನೆಯಲ್ಲಿ ತೆಂಗಿನ ಹಾಲು. ಈರುಳ್ಳಿಯೇ ಇಲ್ಲದ ಹುಳಿ, ಗೊಜ್ಜುಗಳು ಎಷ್ಟೋ ಇವೆ. ಸಾಸಿವೆ ಕರಿಬೇವಿನ ಒಗ್ಗರಣೆಯಾಗಲಿ, ಹುಣಸೆಯ ಹುಳಿಯಾಗಲಿ, ರುಬ್ಬಿದ ಕಾಯಿಯ ಮೈಯಾಗಲಿ ‘ಮದ್ರಾಸ್’ ಎಂಬ ಹೆಸರಿನ ಪದಾರ್ಥದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಮಾಂಸದ ವಿಷಯದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ನಮ್ಮಲ್ಲಿ ಮೂಳೆಸಹಿತ ಮಾಂಸ ಮಸಾಲೆಯಲ್ಲೇ ಬೆಂದು ತನ್ನ ರಸವನ್ನು ಸಾರಿಗೆ ಬಿಡುತ್ತದೆ, ಅಲ್ಲಿ ಮೂಳೆಯಿಲ್ಲದ ತುಂಡುಗಳು ಗ್ರೇವಿಯನ್ನು ಸೇರುವುದು ಕೊನೆಯ ಕೆಲವು ನಿಮಿಷ ಮಾತ್ರ. ಸಿಲ್ಹೆಟಿನ ಅಡುಗೆಯವರಿಗೂ ಇದು ತಿಳಿದಿದೆ. ಗಿರಾಕಿಗಳು ಹೋದ ಮೇಲೆ ತಮಗಾಗಿ ಮಾಡಿಕೊಳ್ಳುವ ಊಟದಲ್ಲಿ ಅವರು ಬೇಸ್ ಗ್ರೇವಿಯನ್ನು ಮುಟ್ಟುತ್ತಿರಲಿಲ್ಲ. ಮೂಳೆಯ ಮಾಂಸವನ್ನೋ ಮೀನನ್ನೋ ‘ಶಾತಕೊರಾ’ ಎಂಬ ತಮ್ಮ ನಾಡಿನ ದಪ್ಪ ಸಿಪ್ಪೆಯ ನಿಂಬೆಹಣ್ಣಿನ ಹೋಳುಗಳೊಡನೆ ನಿಧಾನವಾಗಿ ಬೇಯಿಸುತ್ತಿದ್ದರು. ನಾನು ಇಂಗ್ಲೆಂಡಿನಲ್ಲಿ ಉಂಡ ಅತ್ಯುತ್ತಮ ಊಟಗಳಲ್ಲಿ ಅವು ಸೇರಿವೆ, ಮೆನುವಿನಲ್ಲಿ ಮಾತ್ರ ಇರಲಿಲ್ಲ.

ಕರಿ ಹಿಡಿಸುವುದಿಲ್ಲ ಎನ್ನುವವರನ್ನು ಬಿಡಿಸಿ ಕೇಳಿದರೆ ಕಾರಣಗಳು ಬೇರೆಬೇರೆ ಇರುತ್ತವೆ. ಕೆಲವರಿಗೆ ಆಗದಿರುವುದು ಈರುಳ್ಳಿಯ ಸಿಹಿ ಮತ್ತು ಮೇಲೆ ತೇಲುವ ಎಣ್ಣೆ. ಇನ್ನು ಕೆಲವರಿಗೆ ಸರಿಯಾಗಿ ಹುರಿಯದ ಪುಡಿಯ ಹಸಿ ವಾಸನೆ, ಅದು ಖಂಡಿತವಾಗಿ ಅಡುಗೆಯ ದೋಷ. ಕೊತ್ತಂಬರಿ ಸೊಪ್ಪಿನ ವಿಷಯ ಬೇರೆ: ಅದರ ಪರಿಮಳಕ್ಕೆ ಕಾರಣವಾದ ಆಲ್ಡಿಹೈಡುಗಳು ಕೆಲವರಿಗೆ ಸಾಬೂನಿನಂತೆ ತೋರುತ್ತವೆ, ಇದಕ್ಕೆ ವಾಸನೆಯನ್ನು ಗ್ರಹಿಸುವ ಒಂದು ವಂಶವಾಹಿಯ ವ್ಯತ್ಯಾಸದ ನಂಟೂ ಇದೆ. ಅಂತಹವರಿಗೆ ಅದನ್ನು ರೂಢಿಸಿಕೊಳ್ಳಿ ಎಂದು ಒತ್ತಾಯಿಸುವುದು ತರವಲ್ಲ. ಖಾರ ನಾಲಿಗೆಯ ರುಚಿಗಳಲ್ಲಿ ಒಂದಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿಯನ್ನೂ ನೋವನ್ನೂ ಗ್ರಹಿಸುವ ನರತುದಿಗಳನ್ನು ಕೆಣಕುತ್ತದೆ. ಆ ನರತುದಿಗಳಲ್ಲಿ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವ ಗ್ರಾಹಕವನ್ನು (ರಿಸೆಪ್ಟರ್) ಕಂಡುಹಿಡಿದ ವಿಜ್ಞಾನಿ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಚಿಕ್ಕಂದಿನಿಂದ ತಿಂದವರಲ್ಲಿ ಈ ಉರಿಯ ತೀವ್ರತೆ ತಗ್ಗಿರುತ್ತದೆ, ತಿನ್ನದವರಿಗೆ ಅದು ನಿಜವಾದ ನೋವು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ನೀರು ಕುಡಿದರೆ ಉರಿ ಶಮನವಾಗದು, ಹಾಲು ಮೊಸರು ಹೆಚ್ಚು ಕೆಲಸ ಮಾಡುತ್ತವೆ.

ಈ ಊಟವನ್ನು ಪ್ರೀತಿಸುವವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. 2001ರಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲವನ್ನು ಬ್ರಿಟನ್ನಿನ ರಾಷ್ಟ್ರೀಯ ಖಾದ್ಯವೆಂದು ಕರೆದದ್ದು ಬರಿಯ ಉಪಚಾರವಾಗಿರಲಿಲ್ಲ. ಅಲ್ಲಿಯೇ ಹುಟ್ಟಿ ಬೆಳೆದ ಅಡುಗೆಯನ್ನು ಅಲ್ಲಿನ ಜನ ತಮ್ಮದೆಂದು ತಿಳಿದಿದ್ದಾರೆ. ನಮ್ಮವರು ಅದನ್ನು ‘ಅಸಲಿ ಅಲ್ಲ’ ಎಂದು ತಳ್ಳಿಹಾಕುವಾಗ ನನಗೆ ಬೇಸರವಾಗುತ್ತದೆ. ಬೆಂಗಳೂರಿನ, ಹುಬ್ಬಳ್ಳಿಯ, ಮೈಸೂರಿನ ‘ನಾರ್ತ್ ಇಂಡಿಯನ್’ ವಿಭಾಗದ ಅಡುಗೆಮನೆಗಳಲ್ಲೂ ನಡೆಯುವುದು ಇದೇ ಲೆಕ್ಕಾಚಾರ. ಟೊಮೆಟೊ ಬೆಣ್ಣೆಯ ಕೆಂಪು ಗ್ರೇವಿ, ಗೋಡಂಬಿ ಹಾಗೂ ಕಲ್ಲಂಗಡಿ ಜಾತಿಯ ಬೀಜದ ಬಿಳಿ ಗ್ರೇವಿ, ಈರುಳ್ಳಿ ಹುರಿದ ಕಂದು ಗ್ರೇವಿ ಬೆಳಿಗ್ಗೆಯೇ ಸಿದ್ಧವಾಗಿರುತ್ತವೆ. ಪನೀರ್ ಬಟರ್ ಮಸಾಲ, ಕಡಾಯಿ ಪನೀರ್, ವೆಜ್ ಕೊಲ್ಹಾಪುರಿ ಎಂದು ನಾವು ಬೇರೆಬೇರೆ ಬೆಲೆ ಕೊಟ್ಟು ತರಿಸಿಕೊಳ್ಳುವುದು ಬಹಳಷ್ಟು ಕಡೆ ಇವುಗಳ ಬೆರಕೆಯನ್ನೇ. ಎಲ್ಲವೂ ಸಿಹಿಯಾಗಿವೆ, ಎಲ್ಲವೂ ಒಂದೇ ಥರ ಎಂಬ ದೂರು ಇಲ್ಲಿಯೂ ಕೇಳಿಬರುತ್ತದೆ, ಕಾರಣವೂ ಅದೇ.

ಆದ್ದರಿಂದ ಆರ್ಡರ್ ಮಾಡುವಾಗ ಪದಾರ್ಥದ ಹೆಸರಿಗಿಂತ ಅದು ಯಾವ ಒಲೆಯಿಂದ ಬರುತ್ತದೆ ಎಂಬುದನ್ನು ಗಮನಿಸುವುದು ಒಳ್ಳೆಯದು. ಕರಿ ಹೌಸ್‌ನಲ್ಲಿ ಗ್ರೇವಿ ಹಿಡಿಸದವರು ತಂದೂರಿನ ಟಿಕ್ಕಾ, ಶೀಖ್ ಕಬಾಬ್, ತಡ್ಕಾ ದಾಲ್, ಒಣಗಿದಂತೆ ಮಾಡುವ ಭಾಜಿಗಳನ್ನು ತರಿಸಿಕೊಳ್ಳಬಹುದು. ಸ್ಟಾಫ್ ಕರಿ, ಅಂದರೆ ಅಡುಗೆಯವರು ತಮಗಾಗಿ ಮಾಡಿಕೊಳ್ಳುವ ಪದಾರ್ಥ, ಸಿಗಬಹುದೇ ಎಂದು ಮುಂಚಿತವಾಗಿ ವಿನಯದಿಂದ ಕೇಳಿದರೆ ಎಷ್ಟೋ ಕಡೆ ಸಂತೋಷದಿಂದ ಮಾಡಿಕೊಡುತ್ತಾರೆ. ನಮ್ಮ ಕಡೆಯ ರುಚಿ ಬೇಕೆನಿಸಿದಾಗ ಲಂಡನ್ನಿನ ಟೂಟಿಂಗ್, ಈಸ್ಟ್ ಹ್ಯಾಮ್, ವೆಂಬ್ಲಿಗಳಲ್ಲಿ ದಕ್ಷಿಣ ಭಾರತದ ಹೋಟೆಲುಗಳಿವೆ. ಬಾದಾಮಿ, ಗೋಡಂಬಿ, ಕಡಲೆಕಾಯಿ ಆಗದವರು ಕೊರ್ಮಾದಂತಹ ಪದಾರ್ಥ ಹೇಳುವ ಮೊದಲು ಕಡ್ಡಾಯವಾಗಿ ವಿಚಾರಿಸಬೇಕು. ಹದಿನಾಲ್ಕು ಬಗೆಯ ಅಲರ್ಜಿಕಾರಕಗಳ ಮಾಹಿತಿ ಕೊಡುವುದು ಅಲ್ಲಿನ ಕಾನೂನಿನ ಪ್ರಕಾರ ಹೋಟೆಲಿನವರ ಹೊಣೆ.

ಇನ್ನು ಕರಿ ಬೇಡವೆಂದ ಗೆಳೆಯರಿಗೆ ಮನೆಯಲ್ಲಿ ಏನು ಬಡಿಸಬೇಕೆಂಬ ಪ್ರಶ್ನೆ. ಈರುಳ್ಳಿ ಟೊಮೆಟೊ ಗ್ರೇವಿಯಿಂದ ದೂರವಿರುವ ಅಡುಗೆಯನ್ನೇ ಆರಿಸಿಕೊಳ್ಳಿ. ಕುಂಬಳಕಾಯಿಯ ಮಜ್ಜಿಗೆ ಹುಳಿ, ಹುರುಳಿಕಾಯಿ ಪಲ್ಯ, ನಿಂಬೆಹಣ್ಣಿನ ಚಿತ್ರಾನ್ನ, ಮಾಂಸ ತಿನ್ನುವವರಾದರೆ ಕೋರಿ ಗಸಿ ಇವು ಅವರು ಈವರೆಗೆ ಕಂಡಿರುವ ಯಾವ ಕರಿಯನ್ನೂ ನೆನಪಿಸುವುದಿಲ್ಲ. ಗಸಿಗೆ ಬ್ಯಾಡಗಿ ಮೆಣಸಿನ ಬೀಜವನ್ನು ಕೊಡವಿ ತೆಗೆದು ಹುರಿಯಿರಿ, ಬಣ್ಣವೂ ಪರಿಮಳವೂ ಉಳಿದು ಖಾರ ಇನ್ನಷ್ಟು ತಗ್ಗುತ್ತದೆ. ದಪ್ಪ ತೆಂಗಿನ ಹಾಲನ್ನು ಒಲೆ ಆರಿಸುವ ಮುನ್ನ ಸೇರಿಸಿ, ಕುದಿಸಬೇಡಿ, ಒಡೆಯುತ್ತದೆ. ಕೊತ್ತಂಬರಿ ಸೊಪ್ಪನ್ನು ಪದಾರ್ಥದ ಮೇಲೆ ಉದುರಿಸದೆ ಬೇರೆ ಬಟ್ಟಲಿನಲ್ಲಿಡಿ, ಮೊಸರನ್ನು ಕೈಗೆಟುಕುವಂತೆ ಇಡಿ, ಮತ್ತು ಒಗ್ಗರಣೆಯನ್ನು ಅವರ ಎದುರಿಗೇ ಹಾಕಿ. ಸಾಸಿವೆ ಸಿಡಿದು ಕರಿಬೇವು ಬಾಡುವ ಆ ಪರಿಮಳ ಬೇಸ್ ಗ್ರೇವಿ ಮಾತ್ರ ಬಲ್ಲವರಿಗೆ ಪೂರ್ತಿ ಹೊಸದು.